ನಂಬರ್ ಥಿಯರಿಯೋ, ಪ್ರಾಬಬಿಲಿಟಿಯೋ, ಸ್ಟ್ರಿಂಗ್ ಥಿಯರಿಯೋ: ಪಿಎಚ್‌ಡಿಗೆ ಮುಂಚೆ ತೂಗಿ ನೋಡಬೇಕಾದ್ದು

ಎಂ.ಎಸ್ಸಿ. ಎರಡನೇ ವರ್ಷದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪ್ಯೂರ್ ಮ್ಯಾಥ್ಸ್‌ನಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ. ನಂಬರ್ ಥಿಯರಿ ತಗೊಳ್ಳಲಾ, ಪ್ರಾಬಬಿಲಿಟಿ ತಗೊಳ್ಳಲಾ?" ಫಿಸಿಕ್ಸ್ ಓದಿದವರಾದರೆ ಅದರ ಜೊತೆಗೆ ಬ್ಲ್ಯಾಕ್ ಹೋಲ್, ಸ್ಟ್ರಿಂಗ್ ಥಿಯರಿ ಎಂದೂ ಸೇರಿಸುತ್ತಾರೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಸಮಸ್ಯೆಯ ಹೆಸರು ಕೂತಿರುತ್ತದೆ: ರೀಮನ್ ಹೈಪಾಥಿಸಿಸ್, ನೇವಿಯರ್–ಸ್ಟೋಕ್ಸ್, ಯಾಂಗ್–ಮಿಲ್ಸ್. ಆ ಹೆಸರು ನೋಡಿ ವಿಷಯ ಆರಿಸಬೇಡಿ. ಐದು ವರ್ಷ ದಿನಾ ಬೆಳಗ್ಗೆ ಕೂತು ಮಾಡುವ ಕೆಲಸ ಬೇರೆಯೇ ಇರುತ್ತದೆ. ಆ ಕೆಲಸ ನಿಮಗೆ ಒಗ್ಗುತ್ತದಾ ಅಂತ ನೋಡಿ ಆರಿಸಿ.

ಯಾವುದನ್ನು ಇಟ್ಟುಕೊಂಡು ತೂಗಬೇಕು?

ಮೊದಲನೆಯದು ತಯಾರಿ. ಎಂ.ಎಸ್ಸಿ. ಆದ ಮೇಲೆ ಮೊದಲ ಸ್ವಂತ ಸಮಸ್ಯೆಗೆ ಕೈ ಹಾಕಲು ಇನ್ನೆಷ್ಟು ಓದಬೇಕು? ಕೆಲವು ಕಡೆ ಒಂದು ವರ್ಷ ಸಾಕು, ಕೆಲವು ಕಡೆ ಮೂರಾದರೂ ಬೇಕು. ಎರಡನೆಯದು ದಿನದ ಕೆಲಸ. ಹಾಳೆಗಟ್ಟಲೆ ಅಂದಾಜು ಲೆಕ್ಕ ಮಾಡುವುದೋ, ಸಣ್ಣ ಉದಾಹರಣೆಗಳ ಜೊತೆ ಆಟ ಆಡುವುದೋ, ಬೇರೆಯವರು ಕಟ್ಟಿದ ಸಿದ್ಧಾಂತವನ್ನು ತಿಂಗಳುಗಟ್ಟಲೆ ಅರಗಿಸಿಕೊಳ್ಳುವುದೋ? ಮೂರನೆಯದು ಜೊತೆ. ನೀವು ಸೇರುವ ಊರಿನಲ್ಲಿ ಆ ವಿಷಯ ಮಾತಾಡಲು ಗೈಡ್ ಬಿಟ್ಟು ಇನ್ನೂ ನಾಲ್ಕು ಜನ ಇದ್ದಾರಾ? ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ತೂಕ ಇದಕ್ಕೇ ಕೊಡಬೇಕು, ಹುಡುಗರು ಮಾತ್ರ ಕೊಡುವುದು ತೀರಾ ಕಡಿಮೆ. ನಾಲ್ಕನೆಯದು ದುಡ್ಡು ಮತ್ತು ಬದಲಿ ದಾರಿ. ಪಾಠ ಹೇಳುವ ಕೆಲಸ ಸಿಗದಿದ್ದರೆ ಕಲಿತದ್ದು ಬೇರೆಲ್ಲಿ ಹೊಟ್ಟೆಪಾಡಿಗೆ ಬರುತ್ತದೆ?

ಗಣಿತ, ಭೌತಶಾಸ್ತ್ರ ಎರಡರ ಗಡಿಯಲ್ಲಿ ನಿಂತವರಿಗೆ ಇನ್ನೂ ಒಂದಿದೆ. ಪೂರ್ತಿ ಪ್ರೂಫ್ ಇಲ್ಲದ ಉತ್ತರ ನಿಮಗೆ ಸಮಾಧಾನ ಕೊಡುತ್ತದಾ? ಇದಕ್ಕೆ ಸರಿ, ತಪ್ಪು ಅಂತ ಉತ್ತರ ಇಲ್ಲ. ಆದರೆ ನಿಮ್ಮ ಉತ್ತರ ನಿಮಗೆ ಗೊತ್ತಿರಬೇಕು.

ನಂಬರ್ ಥಿಯರಿ: ಹೆಸರು ಒಂದು, ಊರು ಎರಡು

ಇಲ್ಲಿ ಎರಡು ಬೇರೆ ಬೇರೆ ಬದುಕುಗಳಿವೆ. ಒಂದು ಲ್ಯಾಂಗ್‌ಲ್ಯಾಂಡ್ಸ್ ಕಡೆಯದು. 1967ರಲ್ಲಿ ರಾಬರ್ಟ್ ಲ್ಯಾಂಗ್‌ಲ್ಯಾಂಡ್ಸ್ ಅವರು ಆಂದ್ರೆ ವೇಯ್ ಅವರಿಗೆ 17 ಪುಟದ ಪತ್ರ ಬರೆದರು. ಸಂಖ್ಯೆಗಳ ಸಮೀಕರಣಗಳಿಗೂ ಸಮ್ಮಿತಿಯ ಗಣಿತಕ್ಕೂ ಆಳದಲ್ಲಿ ನಂಟಿದೆ ಎಂಬ ಊಹೆಗಳು ಅದರಲ್ಲಿದ್ದವು. ಆ್ಯಂಡ್ರೂ ವೈಲ್ಸ್ 1990ರ ದಶಕದಲ್ಲಿ ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ್ದು ಈ ನಂಟಿನ ಒಂದು ಎಳೆ ಹಿಡಿದು. ಮುಂಬೈಯ ಟಿಐಎಫ್‌ಆರ್‌ನಲ್ಲಿ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೆಲಸ ಮಾಡಿದ್ದ ಚಂದ್ರಶೇಖರ ಖರೆ ಅವರು ಜ್ಯಾಂ-ಪಿಯೆರ್ ವಿಂಟೆನ್‌ಬರ್ಗರ್ ಜೊತೆ ಸೆರ್ ಅವರ ಮಾಡ್ಯುಲಾರಿಟಿ ಊಹೆಯನ್ನು ಸಾಧಿಸಿದ್ದೂ ಇದೇ ದಾರಿಯಲ್ಲಿ. 2024ರಲ್ಲಿ ಡೆನಿಸ್ ಗೈಟ್ಸ್‌ಗೋರಿ, ಸ್ಯಾಮ್ ರಾಸ್ಕಿನ್ ಸೇರಿ ಒಂಬತ್ತು ಜನ ಇದರ ಜ್ಯಾಮಿತಿ ರೂಪಕ್ಕೆ ಪ್ರೂಫ್ ಕೊಟ್ಟರು. ಐದು ಪೇಪರ್, ಒಟ್ಟು 800ಕ್ಕೂ ಜಾಸ್ತಿ ಪುಟ.

ಆ ಪುಟಗಳ ಲೆಕ್ಕವೇ ತಯಾರಿಯ ಬಗ್ಗೆ ಹೇಳುತ್ತದೆ. ಆಲ್ಜಿಬ್ರಾಯಿಕ್ ಜ್ಯಾಮಿತಿ, ರೆಪ್ರೆಸೆಂಟೇಶನ್ ಥಿಯರಿ, ಆಲ್ಜಿಬ್ರಾಯಿಕ್ ನಂಬರ್ ಥಿಯರಿ ಮೂರೂ ಕೈಗೆ ಬರುವ ತನಕ ಸ್ವಂತ ಸಮಸ್ಯೆ ಅನ್ನುವುದು ದೂರದ ಮಾತು. ಮೊದಲ ಎರಡು ಮೂರು ವರ್ಷ ಓದುವುದರಲ್ಲೇ ಹೋಗುತ್ತದೆ. ಬ್ಯಾಚಿನ ಬೇರೆಯವರ ಪೇಪರ್ ಬರುತ್ತಿರುತ್ತವೆ, ನಿಮ್ಮದು ಬಂದಿರುವುದಿಲ್ಲ. ಇದನ್ನು ತಡೆದುಕೊಳ್ಳುವ ಮನಸ್ಸಿದ್ದವರಿಗೆ ಇದರಷ್ಟು ಚೆಂದದ ಗಣಿತ ಇನ್ನೊಂದಿಲ್ಲ ಅಂತ ನಾನು ನಿಜವಾಗಿಯೂ ನಂಬುತ್ತೇನೆ. ಒಬ್ಬಂಟಿಯಾಗಿ ಮಾತ್ರ ಇದನ್ನು ಮಾಡಲು ಹೋಗಬೇಡಿ. ಗೈಡ್ ಬಿಟ್ಟರೆ ಆ ವಿಷಯದವರು ಬೇರೆ ಯಾರೂ ಇಲ್ಲದ ವಿಭಾಗಕ್ಕೆ ಇದನ್ನು ಹಚ್ಚಿಕೊಂಡು ಸೇರಿದರೆ ನಾಲ್ಕನೇ ವರ್ಷ ತುಂಬಾ ಕಷ್ಟ ಆಗುತ್ತದೆ.

ಇನ್ನೊಂದು ಊರು ಅನಲಿಟಿಕ್ ನಂಬರ್ ಥಿಯರಿ. 2013ರಲ್ಲಿ ಯೀಟಾಂಗ್ ಝಾಂಗ್ ಅವರು 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಅನಂತವಾಗಿವೆ ಎಂದು ತೋರಿಸಿದರು. ಅದೇ ವರ್ಷ ಜೇಮ್ಸ್ ಮೇನಾರ್ಡ್, ಪಿಎಚ್‌ಡಿ ಮುಗಿಸಿದ ಹೊಸತರಲ್ಲೇ, ಬೇರೆ ಉಪಾಯದಿಂದ ಅದನ್ನು 600ಕ್ಕೆ ಇಳಿಸಿದರು. ಆಮೇಲೆ ಹಲವರು ಒಟ್ಟಾಗಿ ಸೇರಿ ಅದನ್ನು 246ಕ್ಕೆ ತಂದರು. 2024ರಲ್ಲಿ ಇದೇ ಮೇನಾರ್ಡ್ ಮತ್ತು ಲ್ಯಾರಿ ಗುತ್, ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಗುಟ್ಟು ಹಿಡಿದಿರುವ ಝೀಟಾ ಫಂಕ್ಷನ್ನಿನ ಸೊನ್ನೆಗಳ ಬಗ್ಗೆ ಇಂಗಮ್ 1940ರಲ್ಲಿ ಕೊಟ್ಟಿದ್ದ ಒಂದು ಅಂದಾಜನ್ನು ಮುಂದಕ್ಕೆ ಒಯ್ದರು. 80 ವರ್ಷ ಅದು ಮುಖ್ಯ ಜಾಗದಲ್ಲಿ ಅಲುಗಾಡಿರಲಿಲ್ಲ. ಇಲ್ಲಿ ಓದಿನ ರಾಶಿ ಕಡಿಮೆ, ಕೈಕೆಲಸ ಜಾಸ್ತಿ. ಒಳ್ಳೆಯ ರಿಯಲ್ ಅನಾಲಿಸಿಸ್, ಕಾಂಪ್ಲೆಕ್ಸ್ ಅನಾಲಿಸಿಸ್ ಇದ್ದರೆ ವರ್ಷದೊಳಗೆ ಏನಾದರೂ ಪ್ರಯತ್ನಿಸಬಹುದು. ಆದರೆ ಒಂದು ಇನ್‌ಈಕ್ವಾಲಿಟಿಯಲ್ಲಿ ಸ್ವಲ್ಪ ಜಾಗ ಗಿಟ್ಟಿಸಲು ತಿಂಗಳು ಹಿಡಿಯುತ್ತದೆ. ಅದರಲ್ಲಿ ಖುಷಿ ಪಡುವ ಸ್ವಭಾವ ಬೇಕು.

ಪ್ರಾಬಬಿಲಿಟಿ ಮತ್ತು ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್

ಗಣಿತವೂ ಬೇಕು, ಭೌತಶಾಸ್ತ್ರವೂ ಬೇಕು, ಬೇಗ ಕೈ ಹಾಕಲೂ ಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಯಾಕೆ ಅಂತ ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳ ಜಾಲ ಬರೆಯಿರಿ. ಒಂದು ಮೂಲೆಯಿಂದ ಹೊರಟು ಗೆರೆಗಳ ಮೇಲೆ ನಡೆಯಿರಿ. ಒಮ್ಮೆ ತುಳಿದ ಮೂಲೆಯನ್ನು ಮತ್ತೆ ತುಳಿಯಬಾರದು, ಅಷ್ಟೇ ನಿಯಮ. ಮೊದಲ ಹೆಜ್ಜೆಗೆ 3 ದಾರಿ. ಆಮೇಲೆ ಪ್ರತಿ ಹೆಜ್ಜೆಗೂ ಎರಡೆರಡು ಆಯ್ಕೆ: 6, 12, 24, 48. ಆರನೇ ಹೆಜ್ಜೆಗೆ 96 ಆಗಬೇಕಿತ್ತು, ಆದರೆ 90 ಆಗುತ್ತದೆ. ಹೊರಟ ಮೂಲೆಗೆ ತಾಗಿದ ಮೂರು ಮನೆಗಳಿವೆ. ಒಂದೊಂದನ್ನೂ ಎರಡು ದಿಕ್ಕಿನಲ್ಲಿ ಸುತ್ತಿ ಬಂದರೆ ಹೊರಟಲ್ಲಿಗೇ ಮರಳುತ್ತೇವೆ. ಆ ಆರು ದಾರಿ ಹೊರಗೆ ಹೋದವು. ಹೀಗೇ ಮುಂದುವರಿದರೆ ಹೆಜ್ಜೆ ಹೆಜ್ಜೆಗೂ ದಾರಿಗಳು ಸರಾಸರಿ ಎಷ್ಟು ಪಟ್ಟು ಬೆಳೆಯುತ್ತವೆ? ನೆದರ್‌ಲ್ಯಾಂಡ್ಸ್‌ನ ಭೌತವಿಜ್ಞಾನಿ ನೀನ್‌ಹೌಸ್ 1982ರಲ್ಲೇ ಉತ್ತರ ಹೇಳಿದ್ದರು: 2ಕ್ಕೆ ಎರಡರ ವರ್ಗಮೂಲ ಕೂಡಿಸಿ, ಬಂದದ್ದಕ್ಕೆ ಮತ್ತೆ ವರ್ಗಮೂಲ. ಸುಮಾರು 1.848. ಅದಕ್ಕೆ ಗಣಿತದ ಪ್ರೂಫ್ ಬಂದದ್ದು ಹ್ಯೂಗೊ ಡುಮಿನಿಲ್-ಕೋಪ್ಯಾಂ ಮತ್ತು ಸ್ಟಾನಿಸ್ಲಾವ್ ಸ್ಮಿರ್ನೋವ್ ಅವರಿಂದ, 2010ರಲ್ಲಿ. ಪ್ರೂಫ್ ಪುಟ್ಟದು, ಎಂ.ಎಸ್ಸಿ. ವಿದ್ಯಾರ್ಥಿ ಕೂತು ಓದಬಹುದು. ಇದೇ ಪ್ರಶ್ನೆಯನ್ನು ಚೌಕಗಳ ಜಾಲದ ಮೇಲೆ ಕೇಳಿ, ನಿಖರ ಉತ್ತರ ಇವತ್ತಿಗೂ ಇಲ್ಲ.

ಈ ಕ್ಷೇತ್ರದ ಗುಣ ಇದೇ. ಪ್ರಶ್ನೆ ಹತ್ತನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ, ಉತ್ತರ ಫೀಲ್ಡ್ಸ್ ಪದಕದ ತನಕ ಹೋಗುತ್ತದೆ. ಸ್ಮಿರ್ನೋವ್ ಅವರಿಗೆ 2010ರಲ್ಲಿ, ಮಾರ್ಟಿನ್ ಹೈರರ್ ಅವರಿಗೆ 2014ರಲ್ಲಿ, ಡುಮಿನಿಲ್-ಕೋಪ್ಯಾಂ ಅವರಿಗೆ 2022ರಲ್ಲಿ ಪದಕ ಬಂತು. ಕಾರ್ದಾರ್, ಪರಿಸಿ, ಝಾಂಗ್ 1986ರಲ್ಲಿ ಬರೆದ ಬೆಳೆಯುವ ಅಂಚಿನ ಸಮೀಕರಣದ ಸುತ್ತ ಈಗ ದೊಡ್ಡ ಕೆಲಸ ನಡೆಯುತ್ತಿದೆ. ನಮ್ಮ ದೇಶದಲ್ಲಿ ಇದಕ್ಕೆ ಹಳೆಯ ಬೇರೂ ಇದೆ: 2007ರ ಅಬೆಲ್ ಪ್ರಶಸ್ತಿ ಪಡೆದ ಎಸ್.ಆರ್.ಎಸ್. ವರದನ್ ಪಿಎಚ್‌ಡಿ ಮಾಡಿದ್ದು ಕೋಲ್ಕತ್ತದ ಐಎಸ್‌ಐನಲ್ಲಿ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್).

ದಿನದ ಕೆಲಸ ಅಂದರೆ ಚಿತ್ರ ಬರೆಯುವುದು, ಸಣ್ಣ ಕೇಸ್ ಎಣಿಸುವುದು, ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಓಡಿಸುವುದು, ಆಮೇಲೆ ಬೋರ್ಡಿನ ಮುಂದೆ ಜಗಳ. ಬದಲಿ ದಾರಿಯೂ ಚೆನ್ನಾಗಿದೆ. ಡೇಟಾ ಸೈನ್ಸ್, ಫೈನಾನ್ಸ್ ಕಡೆಯವರು ಪ್ರಾಬಬಿಲಿಟಿ ಗೊತ್ತಿದ್ದವರನ್ನು ಹುಡುಕುತ್ತಾರೆ. ಕೊರತೆ ಅಂದರೆ ಪೈಪೋಟಿ. ಪ್ರಶ್ನೆ ಬೇಗ ಅರ್ಥವಾಗುವುದರಿಂದ ಕೈ ಹಾಕುವವರೂ ಬಹಳ. ನೀವು ಆರು ತಿಂಗಳು ಕೆಲಸ ಮಾಡಿದ್ದನ್ನು ಇನ್ನೊಬ್ಬರು ಮೊದಲು ಹಾಕಿಬಿಡುವುದು ಇಲ್ಲಿ ಅಪರೂಪವಲ್ಲ.

ಪಿಡಿಇ (ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಶನ್) ಮತ್ತು ಐನ್‌ಸ್ಟೈನ್ ಸಮೀಕರಣಗಳು

ಬ್ಲ್ಯಾಕ್ ಹೋಲ್ ಅಂತ ಬರುವವರಿಗೆ ನಾನು ಮೊದಲು ಸಿ.ವಿ. ವಿಶ್ವೇಶ್ವರ ಅವರ ಬಗ್ಗೆ ಹೇಳುತ್ತೇನೆ. ಬೆಂಗಳೂರಿನವರು. ಮುಂದೆ ಇಲ್ಲಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. 1970ರಲ್ಲಿ ಅವರು ಬ್ಲ್ಯಾಕ್ ಹೋಲಿನ ಮೇಲೆ ಒಂದು ಅಲೆ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು. ಬಾರಿಸಿದ ಗಂಟೆ ಕ್ರಮೇಣ ಸುಮ್ಮನಾಗುವ ಹಾಗೆ, ಬ್ಲ್ಯಾಕ್ ಹೋಲ್ ತನ್ನದೇ ಕಂಪನದಲ್ಲಿ ಮಿಡಿದು ಶಾಂತವಾಗುತ್ತದೆ ಎಂದು ತೋರಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಕೊನೆಯಲ್ಲಿ ಇದ್ದದ್ದು ಅಂಥದ್ದೇ ಮಿಡಿತ. ಅದನ್ನು ನೋಡುವ ಭಾಗ್ಯ ಅವರಿಗಿತ್ತು. 2017ರಲ್ಲಿ ಅವರು ತೀರಿಕೊಂಡರು.

ವಿಶ್ವೇಶ್ವರ ಅವರ ಲೆಕ್ಕ ಸಣ್ಣ ಕಂಪನಗಳ ಮಟ್ಟಿನದು. ಐನ್‌ಸ್ಟೈನ್ ಸಮೀಕರಣಗಳನ್ನು ಪೂರ್ತಿಯಾಗಿ, ಏನನ್ನೂ ಕೈಬಿಡದೆ ಇಟ್ಟುಕೊಂಡು, ತಿರುಗದ ಬ್ಲ್ಯಾಕ್ ಹೋಲ್ ಸ್ಥಿರ ಎಂಬ ಗಣಿತದ ಪ್ರೂಫ್ ಬಂದದ್ದು 2021ರಲ್ಲಿ, ಡಾಫರ್ಮೋಸ್ ಮತ್ತು ಜೊತೆಗಾರರಿಂದ. ನಿಧಾನವಾಗಿ ತಿರುಗುವ ಬ್ಲ್ಯಾಕ್ ಹೋಲಿಗೆ ಜಾರ್ಜಿ, ಕ್ಲೈನರ್‌ಮನ್, ಶೆಫ್ಟೆಲ್ 2022ರಲ್ಲಿ ದಾರಿ ಮುಗಿಸಿದರು, ನೂರಾರು ಪುಟಗಳಲ್ಲಿ. ಭೌತವಿಜ್ಞಾನಿಗೆ 1970ರಲ್ಲಿ ಸಾಕಾದದ್ದು ಗಣಿತದವರಿಗೆ 50 ವರ್ಷ ಸಾಕಾಗಲಿಲ್ಲ. ಮೇಲೆ ಐದನೆಯ ಪ್ರಶ್ನೆ ಕೇಳಿದ್ದೆನಲ್ಲ, ಅದು ಇಲ್ಲಿಗೆ ಬಂತು. ಆ 50 ವರ್ಷದ ಕೆಲಸ ನಿಮಗೆ ಬೇಕಾದ್ದೇ ಅನ್ನಿಸಿದರೆ ನೀವು ಪಿಡಿಇ ಕಡೆಯವರು. ಬೇಡದ ಸರ್ಕಸ್ ಅನ್ನಿಸಿದರೆ ಭೌತಶಾಸ್ತ್ರ ವಿಭಾಗಕ್ಕೆ ಅರ್ಜಿ ಹಾಕಿ. ಎರಡೂ ಗೌರವದ ದಾರಿಗಳೇ.

ಪಿಡಿಇಯಲ್ಲಿ ಬ್ಲ್ಯಾಕ್ ಹೋಲ್ ಒಂದೇ ಅಲ್ಲ. ನೀರಿನ ಹರಿವಿನ ನೇವಿಯರ್–ಸ್ಟೋಕ್ಸ್ ಸಮಸ್ಯೆಗೆ ಕ್ಲೇ ಸಂಸ್ಥೆ 2000ರಲ್ಲಿ ಇಟ್ಟ 10 ಲಕ್ಷ ಡಾಲರ್ ಬಹುಮಾನ ಹಾಗೇ ಇದೆ. ಅದರ ಅಣ್ಣನಂಥ ಆಯ್ಲರ್ ಸಮೀಕರಣಕ್ಕೆ, ಗೋಡೆ ಇರುವ ಪಾತ್ರೆಯಲ್ಲಿ ಹರಿವು ಸಿಡಿದುಹೋಗಬಲ್ಲದು (ಅಂದರೆ ಲೆಕ್ಕ ಅನಂತಕ್ಕೆ ಹೋಗಬಲ್ಲದು) ಎಂದು ಜಿಯಾಜೀ ಚೆನ್ ಮತ್ತು ಥಾಮಸ್ ಹೌ 2022ರಲ್ಲಿ ಕಂಪ್ಯೂಟರ್ ನೆರವಿನ ಪ್ರೂಫ್ ಕೊಟ್ಟರು. 2025ರಲ್ಲಿ ಡೆಂಗ್, ಹಾನಿ, ಮಾ ಮೂವರು, ಡಿಕ್ಕಿ ಹೊಡೆಯುವ ಸಣ್ಣ ಗೋಲಿಗಳ ನಿಯಮದಿಂದ ಹೊರಟು ದ್ರವಗಳ ಸಮೀಕರಣದ ತನಕ ಬಂದಿದ್ದೇವೆ ಎಂದು ಪೇಪರ್ ಹಾಕಿದರು. ಹಿಲ್ಬರ್ಟ್ 1900ರಲ್ಲಿ ಕೇಳಿದ ಆರನೇ ಪ್ರಶ್ನೆಯ ಒಂದು ಭಾಗ ಅದು.

ತಯಾರಿ ನಡುಮಟ್ಟದ್ದು: ಫಂಕ್ಷನಲ್ ಅನಾಲಿಸಿಸ್, ಸೊಬೊಲೆವ್ ಸ್ಪೇಸ್, ರಿಲೇಟಿವಿಟಿಗಾದರೆ ಡಿಫರೆನ್ಶಿಯಲ್ ಜ್ಯಾಮಿತಿ. ದಿನದ ಕೆಲಸ ಅಂದಾಜುಗಳದ್ದು, ಬೇಸರ ಇಲ್ಲದೆ ಪುಟಗಟ್ಟಲೆ ಬರೆಯಬೇಕು. ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ಯಲಹಂಕದ ಟಿಐಎಫ್‌ಆರ್ ಅನ್ವಯಿಕ ಗಣಿತ ಕೇಂದ್ರ ದಶಕಗಳಿಂದ ಪಿಡಿಇಯ ಮನೆ. ನ್ಯೂಮರಿಕಲ್ ಕೆಲಸ ಸ್ವಲ್ಪ ಕಲಿತಿದ್ದರೆ ಕೈಗಾರಿಕೆ ಕಡೆಗೂ ಬಾಗಿಲು ತೆರೆದಿರುತ್ತದೆ.

ಕ್ವಾಂಟಂ ಫೀಲ್ಡ್ ಥಿಯರಿ, ಸ್ಟ್ರಿಂಗ್ ಥಿಯರಿ

ಇಲ್ಲಿಯ ಆಕರ್ಷಣೆ ಏನು ಅಂತ ಒಂದು ಲೆಕ್ಕದಿಂದ ಗೊತ್ತಾಗುತ್ತದೆ. ಐದನೇ ಡಿಗ್ರಿ ಸಮೀಕರಣದಿಂದ ಬರುವ ಒಂದು ಮೂರು ಆಯಾಮದ ಆಕಾರ ಇದೆ, ಕ್ವಿಂಟಿಕ್ ಅನ್ನುತ್ತಾರೆ. ಅದರ ಮೇಲೆ ಎಷ್ಟು ಸರಳರೇಖೆ ಕೂರುತ್ತವೆ? 2,875. ಎರಡನೇ ಡಿಗ್ರಿ ವಕ್ರಗಳು? 6,09,250. ಇಷ್ಟು ಗಣಿತದವರಿಗೆ ಗೊತ್ತಿತ್ತು. 1991ರಲ್ಲಿ ಕ್ಯಾಂಡೆಲಾಸ್ ಮತ್ತು ಜೊತೆಗಾರರು ಸ್ಟ್ರಿಂಗ್ ಥಿಯರಿಯ ಮಿರರ್ ಸಿಮೆಟ್ರಿ (ಒಂದು ಆಕಾರದ ಕಷ್ಟದ ಲೆಕ್ಕವನ್ನು ಅದರ ಜೋಡಿ ಆಕಾರದ ಸುಲಭ ಲೆಕ್ಕಕ್ಕೆ ಬದಲಿಸುವ ಊಹೆ) ಬಳಸಿ ಮೂರನೇ ಡಿಗ್ರಿಗೆ 31,72,06,375 ಎಂದರು. ನಾರ್ವೆಯ ಇಬ್ಬರು ಗಣಿತಜ್ಞರು ಕಂಪ್ಯೂಟರ್ ಬಳಸಿ ತೆಗೆದ ಉತ್ತರ ಬೇರೆಯೇ ಇತ್ತು. ಕೊನೆಗೆ ತಪ್ಪು ಸಿಕ್ಕಿದ್ದು ಗಣಿತದ ಕಡೆಯ ಪ್ರೋಗ್ರಾಮಿನಲ್ಲಿ. ಭೌತಶಾಸ್ತ್ರದವರ ಸಂಖ್ಯೆ ಸರಿ ಇತ್ತು. ಆಮೇಲೆ 1990ರ ದಶಕದಲ್ಲೇ ಗಿವೆಂಟಾಲ್ ಮತ್ತಿತರರು ಅದಕ್ಕೆ ಪ್ರೂಫ್ ಕೊಟ್ಟರು.

ಅಂದರೆ ಇಲ್ಲಿ ಊಹೆ ಮುಂದೆ ಓಡುತ್ತದೆ, ಪ್ರೂಫ್ ಹಿಂದೆ ಬರುತ್ತದೆ. ನೀವು ಯಾವ ತುದಿಯಲ್ಲಿ ನಿಲ್ಲುತ್ತೀರಿ ಅನ್ನುವುದು ಮುಖ್ಯ. ಓಡುವ ತುದಿಯಲ್ಲಿ ನಿಂತರೆ ಫಿಸಿಕ್ಸ್ ಪಿಎಚ್‌ಡಿ. ಬೆಂಗಳೂರಿನ ಹೊರವಲಯದ ಐಸಿಟಿಎಸ್ (ಟಿಐಎಫ್‌ಆರ್‌ನ ಸೈದ್ಧಾಂತಿಕ ವಿಜ್ಞಾನ ಕೇಂದ್ರ) ಇದಕ್ಕೆ ಒಳ್ಳೆಯ ಜಾಗ, ಸ್ಟ್ರಿಂಗ್ ಥಿಯರಿಯ ಹೆಸರಾಂತ ವಿಜ್ಞಾನಿ ಅಶೋಕ್ ಸೆನ್ ಈಗ ಅಲ್ಲಿದ್ದಾರೆ. ಹಿಂದಿನ ತುದಿಯಲ್ಲಿ ನಿಂತರೆ ಆಲ್ಜಿಬ್ರಾಯಿಕ್ ಅಥವಾ ಸಿಂಪ್ಲೆಕ್ಟಿಕ್ ಜ್ಯಾಮಿತಿ, ಗಣಿತ ವಿಭಾಗ. ನಡುವೆ ನಿಲ್ಲುತ್ತೇನೆ ಅನ್ನುವವರು ಎರಡೂ ಓದಬೇಕು, ತಯಾರಿ ಹೆಚ್ಚುಕಡಿಮೆ ದುಪ್ಪಟ್ಟು. ಕೆಲಸಕ್ಕೆ ಅರ್ಜಿ ಹಾಕುವಾಗಲೂ ತೊಂದರೆ: ಗಣಿತದವರು ಇವರು ಫಿಸಿಕ್ಸಿನವರು ಅಂತಾರೆ, ಫಿಸಿಕ್ಸಿನವರು ಗಣಿತದವರು ಅಂತಾರೆ. ಪಿಎಚ್‌ಡಿ ಯಾವ ವಿಭಾಗದ ಹೆಸರಲ್ಲಿ ಬರುತ್ತದೆ ಅನ್ನುವುದನ್ನು ಸೇರುವ ಮೊದಲೇ ಯೋಚಿಸಿ.

ದಾಟಿ ಹೋಗಲು ಆಗುವುದಿಲ್ಲ ಅಂತಲ್ಲ. ಹರೀಶ್ ಚಂದ್ರ 1940ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಹೋಮಿ ಭಾಭಾ ಜೊತೆ ಭೌತಶಾಸ್ತ್ರ ಮಾಡುತ್ತಿದ್ದರು. ಆಮೇಲೆ ಕೇಂಬ್ರಿಜ್‌ನಲ್ಲಿ ಡಿರಾಕ್ ಬಳಿ ಪಿಎಚ್‌ಡಿ. ಅಲ್ಲಿಂದ ಮುಂದೆ ಪೂರ್ತಿ ಗಣಿತಕ್ಕೆ ಬಂದು, ಲ್ಯಾಂಗ್‌ಲ್ಯಾಂಡ್ಸ್ ಊಹೆಗಳಿಗೆ ನೆಲಗಟ್ಟಾದ ರೆಪ್ರೆಸೆಂಟೇಶನ್ ಥಿಯರಿ ಕಟ್ಟಿದರು.

ಉಳಿದವು

ಹಾರ್ಮೋನಿಕ್ ಅನಾಲಿಸಿಸ್ ಇಷ್ಟಪಡುವವರು ಐಐಎಸ್‌ಸಿಯನ್ನು ನೋಡಲೇಬೇಕು. 2025ರಲ್ಲಿ ಹಾಂಗ್ ವಾಂಗ್, ಜೋಶುವಾ ಝಾಲ್ ಮೂರು ಆಯಾಮದ ಕಾಕೆಯಾ ಊಹೆಯನ್ನು ಸಾಧಿಸಿದ ಮೇಲೆ ಈ ಕಡೆ ಒಳ್ಳೆಯ ಹುರುಪಿದೆ. ಆಪರೇಟರ್ ಆಲ್ಜಿಬ್ರಾಕ್ಕೆ ಮೈಸೂರು ರಸ್ತೆಯ ಐಎಸ್‌ಐ. ಕಮ್ಯುಟೇಟಿವ್ ಆಲ್ಜಿಬ್ರಾ ಹಳೆಯದಾಯಿತು ಅನ್ನುವವರ ಮಾತು ಕೇಳಬೇಡಿ. ಕೋಲ್ಕತ್ತದಲ್ಲೇ ಓದಿ ಅಲ್ಲಿಯ ಐಎಸ್‌ಐನಲ್ಲೇ ಪಿಎಚ್‌ಡಿ ಮಾಡಿದ ನೀನಾ ಗುಪ್ತಾ, 1949ರಷ್ಟು ಹಳೆಯ ಝರಿಸ್ಕಿ ಕ್ಯಾನ್ಸಲೇಶನ್ ಪ್ರಶ್ನೆಯ ಒಂದು ಮುಖ್ಯ ಭಾಗವನ್ನು 2014ರಲ್ಲಿ ಇತ್ಯರ್ಥ ಮಾಡಿದರು. ಲೀನ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಪ್ರೂಫ್ ಒಪ್ಪಿಸುವುದು ಈಗ ಬೆಳೆಯುತ್ತಿರುವ ಕೆಲಸ. ಪೀಟರ್ ಶೋಲ್ಜ್ 2020ರಲ್ಲಿ ಸವಾಲು ಹಾಕಿದ್ದ ತಮ್ಮದೇ ಒಂದು ಪ್ರಮೇಯವನ್ನು 2022ರ ಹೊತ್ತಿಗೆ ಹೀಗೆ ಪೂರ್ತಿ ಪರೀಕ್ಷಿಸಲಾಯಿತು. ಅದನ್ನೇ ಪಿಎಚ್‌ಡಿ ವಿಷಯ ಮಾಡಿಕೊಳ್ಳುವ ಮೊದಲು ಯೋಚಿಸಿ, ಆದರೆ ಯಾವ ವಿಷಯದವರೂ ಅದನ್ನು ಕಲಿತರೆ ನಷ್ಟ ಇಲ್ಲ.

ದುಡ್ಡಿನ ಮಾತು

ಮನೆಯಲ್ಲಿ ದುಡಿಯುವವರು ಬೇಕು ಅನ್ನುವ ಪರಿಸ್ಥಿತಿ ಇದ್ದರೆ ಮುಚ್ಚಿಟ್ಟುಕೊಳ್ಳಬೇಡಿ, ಲೆಕ್ಕಕ್ಕೆ ತಗೊಳ್ಳಿ. ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಸರ್ಕಾರಿ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ ಎಸ್‌ಆರ್‌ಎಫ್ 42,000. ಜೊತೆಗೆ ಮನೆ ಬಾಡಿಗೆ ಭತ್ಯೆ. ಐದು ವರ್ಷದ ಒಳಗೆ ಮುಗಿಯಬೇಕು ಅನ್ನುವವರಿಗೆ ಲ್ಯಾಂಗ್‌ಲ್ಯಾಂಡ್ಸ್ ಕಡೆಯ ಕೆಲಸ ಬಿಗಿಯಾಗುತ್ತದೆ. ಪ್ರಾಬಬಿಲಿಟಿ, ಪಿಡಿಇ, ಅನಲಿಟಿಕ್ ನಂಬರ್ ಥಿಯರಿಯಲ್ಲಿ ಹೊತ್ತಿಗೆ ಮುಗಿಸುವುದು ಅಷ್ಟು ಕಷ್ಟವಲ್ಲ.

ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಪಿಎಚ್‌ಡಿಗೆ ಫೀಸ್ ಇರುವುದಿಲ್ಲ, ಪಾಠ ಹೇಳಿದ್ದಕ್ಕೆ ಸ್ಟೈಪೆಂಡ್ ಬರುತ್ತದೆ. ಖರ್ಚು ಇರುವುದು ಅರ್ಜಿಯಲ್ಲಿ. ಒಂದೊಂದಕ್ಕೂ 100 ಡಾಲರ್ ಆಸುಪಾಸು ಹಿಡಿಯುತ್ತದೆ, ಹತ್ತು ಕಡೆ ಹಾಕಿದರೆ ಸಣ್ಣ ಮೊತ್ತವಲ್ಲ. ಶುಲ್ಕ ಮನ್ನಾ ಮಾಡಿ ಎಂದು ಇಮೇಲ್ ಬರೆದು ಕೇಳಿ, ಹಲವು ಕಡೆ ಕೊಡುತ್ತಾರೆ. ನಮ್ಮವರಿಗೆ ಕಡಿಮೆ ಗೊತ್ತಿರುವ ಇನ್ನೊಂದು ದಾರಿ ಇಟಲಿಯ ಟ್ರಿಯೆಸ್ಟ್‌ನಲ್ಲಿರುವ ಐಸಿಟಿಪಿ. 1964ರಲ್ಲಿ ಅಬ್ದುಸ್ ಸಲಾಂ ಕಟ್ಟಿದ ಸಂಸ್ಥೆ. ನಮ್ಮಂಥ ದೇಶಗಳವರಿಗೆ ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಫೀಸ್ ಇಲ್ಲ, ಸ್ಟೈಪೆಂಡ್ ಇದೆ. ಗಣಿತವೂ ಇದೆ, ಹೈ ಎನರ್ಜಿ ಫಿಸಿಕ್ಸೂ ಇದೆ. ಎರಡರ ನಡುವೆ ತೂಗಾಡುವವರಿಗೆ ಇದು ನಿಜಕ್ಕೂ ಉಪಯೋಗ.

ಇನ್ನೂ ಬಿ.ಎಸ್ಸಿ.ಯಲ್ಲಿ ಇರುವವರು, ಅದರಲ್ಲೂ ತಾಲ್ಲೂಕು ಮಟ್ಟದ ಕಾಲೇಜುಗಳವರು, ಬೇಸಿಗೆಯ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಿಂದ ನಡೆಯುತ್ತಿದೆ. ಗೈಡ್ ಪುಸ್ತಕ ನೋಡಿ ಬರೆದ ಪ್ರೂಫಿಗೂ ಸ್ವಂತ ಯೋಚಿಸಿದ ಪ್ರೂಫಿಗೂ ಏನು ವ್ಯತ್ಯಾಸ ಅಂತ ಅಲ್ಲಿ ಮೊದಲ ವಾರದಲ್ಲೇ ತಿಳಿಯುತ್ತದೆ. ಟಿಐಎಫ್‌ಆರ್‌ನ ಜಿಎಸ್ ಪ್ರವೇಶ ಪರೀಕ್ಷೆಗೂ, ಸಂದರ್ಶನಗಳಿಗೂ ಅದೇ ಬೇಕಾದ್ದು.

ಹಾಗಾದರೆ ಯಾರಿಗೆ ಯಾವುದು?

ಓದುವುದರಲ್ಲೇ ಸುಖ ಕಾಣುವವರು, ಅವಸರ ಇಲ್ಲದವರು, ಮುಂಬೈಯ ಟಿಐಎಫ್‌ಆರ್ ಅಥವಾ ಹೊರದೇಶದ ದೊಡ್ಡ ಗುಂಪಿನಲ್ಲಿ ಸೀಟು ಸಿಕ್ಕವರು ಲ್ಯಾಂಗ್‌ಲ್ಯಾಂಡ್ಸ್ ಕಡೆ ಹೋಗಿ. ಗುಂಪು ಸಿಗದಿದ್ದರೆ ಅನಲಿಟಿಕ್ ನಂಬರ್ ಥಿಯರಿ ನೋಡಿ. ಬೆಂಗಳೂರು ಬಿಡಲು ಆಗದವರಿಗೆ ಪ್ರಾಬಬಿಲಿಟಿ, ಪಿಡಿಇ, ಹಾರ್ಮೋನಿಕ್ ಅನಾಲಿಸಿಸ್ ಮೂರಕ್ಕೂ ಇಲ್ಲೇ ಜೊತೆ ಇದೆ. ನಾಲ್ಕು ಸಂಸ್ಥೆಗಳ ಸೆಮಿನಾರ್ ಒಂದೇ ಊರಿನಲ್ಲಿ ಸಿಗುವುದು ಸಣ್ಣ ಮಾತಲ್ಲ. ಮನೆಯ ಜವಾಬ್ದಾರಿ ಇದ್ದು, ಕೆಲಸ ಸಿಗದಿದ್ದರೆ ಏನು ಅನ್ನುವ ಚಿಂತೆ ಇದ್ದವರು ಪ್ರಾಬಬಿಲಿಟಿ ಆರಿಸಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ, ಅದರಲ್ಲಿ ರಾಜಿ ಅನ್ನುವುದು ಏನೂ ಇಲ್ಲ. ಸ್ಟ್ರಿಂಗ್ ಥಿಯರಿಗೆ ಹೋಗುವವರು ಕ್ವಾಂಟಂ ಫೀಲ್ಡ್ ಥಿಯರಿಯ ಒಂದು ಕೋರ್ಸನ್ನಾದರೂ ಮೊದಲು ಪೂರ್ತಿ ಮಾಡಿ, ಲೆಕ್ಕಗಳ ಸಮೇತ. ಯೂಟ್ಯೂಬ್ ಉಪನ್ಯಾಸ ಕೇಳಿದ್ದು ಲೆಕ್ಕಕ್ಕಿಲ್ಲ.

ಇನ್ನೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ಆರ್‌ಕೈವ್ (arXiv) ಎಂಬ ವೆಬ್‌ಸೈಟಿನಲ್ಲಿ ಹೆಚ್ಚಿನ ಹೊಸ ಪೇಪರ್ ಪುಕ್ಕಟೆ ಸಿಗುತ್ತವೆ. ಗೈಡ್ ಆಗಬಹುದು ಅಂದುಕೊಂಡವರ, ಮತ್ತು ಅವರ ವಿದ್ಯಾರ್ಥಿಗಳ, ಈಚಿನ ಮೂರು ಪೇಪರ್ ಇಳಿಸಿಕೊಳ್ಳಿ. ಪೀಠಿಕೆ ಬಿಟ್ಟು ನೇರ ನಡುವಿನ ಒಂದು ಲೆಮ್ಮಾಗೆ ಹೋಗಿ. ಅದರ ಪ್ರೂಫನ್ನು ಪೆನ್ನು ಹಿಡಿದು ಸಾಲು ಸಾಲಾಗಿ ಬಿಡಿಸಿ, ಒಂದು ವಾರ ಕೊಡಿ. ಪೂರ್ತಿ ಅರ್ಥ ಆಗಬೇಕಿಲ್ಲ. ಆರನೇ ದಿನವೂ ಅದೇ ಹಾಳೆಗೆ ಮರಳಬೇಕು ಅನ್ನಿಸಿತಾ, ಇಲ್ಲಾ ಬೇರೆ ಏನಾದರೂ ನೋಡೋಣ ಅನ್ನಿಸಿತಾ ಅಂತ ಬರೆದಿಟ್ಟುಕೊಳ್ಳಿ. ಮೂರು ವಿಷಯಕ್ಕೆ ಮೂರು ವಾರ. ಆ ಟಿಪ್ಪಣಿ ಇಟ್ಟುಕೊಂಡು ಗೈಡ್‌ಗೆ ಇಮೇಲ್ ಬರೆಯಿರಿ. ಯಾವ ಲೆಮ್ಮಾ ಓದಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಹೇಳಿ. ಅಂಥ ಇಮೇಲಿಗೆ ಉತ್ತರ ಬರುವ ಸಾಧ್ಯತೆ, ಅಂಕಪಟ್ಟಿ ಮಾತ್ರ ಲಗತ್ತಿಸಿದ ಇಮೇಲಿಗಿಂತ ಬಹಳ ಜಾಸ್ತಿ.